ವಿಮಾದರದ ನಿಯಮ ಮುರಿದವರಿಗೆ ದಂಡವೇನು? ಮುನ್ನೂರು ರೂಪಾಯಿ ವಾಪಸು ಪಡೆದವರ ಗತಿಯೇನು?



ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಸೆಕ್ರೆಟರಿಗಳೇ, ವಿಮೆ ಏಜೆಂಟ್ ತನ್ನ ಕಮಿಷನ್ನಿನಲ್ಲಿ ನಮಗೆ ಸ್ವಲ್ಪ ಬಿಟ್ಟುಕೊಟ್ಟರೆ ಸರ್ಕಾರಕ್ಕೆ ಏನು ನೋವು?" ಎಂದರು. ಸುತ್ತ ಕುಳಿತವರೆಲ್ಲ ನಕ್ಕರು. ನಾನೂ ನಕ್ಕು ಮಾತು ಮರೆಸಿದೆ. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲವೆಂಬುದು ಎರಡೇ ತಿಂಗಳಲ್ಲಿ, ಬೇರೊಬ್ಬ ಸದಸ್ಯರ ಮನೆಯ ಅಂಗಳದಲ್ಲಿ ನಿಂತಾಗ ನನಗೆ ಅರಿವಾಯಿತು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಅವರ ಹೆಸರು ಬೇಡ. ಮೂರು ಎಕರೆ ಅಡಿಕೆ, ಎರಡು ಎಕರೆ ಕಾಫಿ ಇರುವ ನಮ್ಮಂಥವರೇ. ನವೆಂಬರಿನಲ್ಲಿ ಮಳೆ ಬಿಡದೆ ಹಿಡಿದದ್ದರಿಂದ ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರಡಲಾಗದೆ, ಮನೆಗೆ ಹೊಂದಿಕೊಂಡ ಕೊಠಡಿಯ ಡ್ರೈಯರಿಗೆ ಹಾಕಿ ಸೌದೆ ಉರಿ ಕೊಟ್ಟಿದ್ದರು. ರಾತ್ರಿ ಬೆಂಕಿ ಹಿಡಿಯಿತು. ಮನೆಯ ಒಂದು ಪಾರ್ಶ್ವದ ಮಾಡು, ಡ್ರೈಯರು, ಹನ್ನೊಂದು ಕ್ವಿಂಟಲ್ ಅಡಿಕೆ ಸುಟ್ಟುಹೋಯಿತು. ದೇವರ ದಯೆಯಿಂದ ಜನಕ್ಕೆ ಅಪಾಯವಾಗಲಿಲ್ಲ. "ಇನ್ಶೂರೆನ್ಸ್ ಇದೆ" ಎಂಬ ಧೈರ್ಯದಲ್ಲಿ ಅವರಿದ್ದರು.

ಕಂಪೆನಿಯಿಂದ ಬಂದ ಸರ್ವೇಯರರು ಪಾಲಿಸಿ ತೆರೆದು ನೋಡಿದಾಗ ಅದರಲ್ಲಿ ಕಟ್ಟಡದ ವಿವರಣೆ "ವಾಸದ ಮನೆ" ಎಂದಷ್ಟೇ ಇತ್ತು. ಡ್ರೈಯರಿನ ಮಾತಿಲ್ಲ, ದಾಸ್ತಾನಿನ ಮಾತಿಲ್ಲ. ಬರೀ ವಾಸದ ಮನೆಗೆ ದರ ಕಡಿಮೆ. ಬೆಂಕಿ ಉರಿಸಿ ಮಾಲು ಒಣಗಿಸುವ, ಮಾಲು ತುಂಬಿಡುವ ಕಟ್ಟಡಕ್ಕೆ ದರ ಹೆಚ್ಚು. ಏಜೆಂಟ್ ಕಡಿಮೆ ದರದ ಕಡೆಗೆ ಬರೆದು, ತನ್ನ ಕಡೆಯಿಂದ ಇನ್ನೂ ಮುನ್ನೂರು ರೂಪಾಯಿ ನಗದಾಗಿ ವಾಪಸು ಕೊಟ್ಟು, "ಯಾರಿಗೂ ಹೇಳಬೇಡಿ ಅಣ್ಣಾ" ಎಂದು ಹೋಗಿದ್ದನಂತೆ. ಕೊನೆಗೆ ಮಾಡಿಗೆ ಅಷ್ಟಿಷ್ಟು ಪರಿಹಾರ ಬಂತು. ಅಡಿಕೆಗೆ ಒಂದು ಕಾಸೂ ಬರಲಿಲ್ಲ.

"ಏಜೆಂಟಿನ ಮೇಲೆ ದೂರು ಕೊಡಿ, ನಾನೇ ಬರೆದುಕೊಡುತ್ತೇನೆ" ಎಂದೆ. ಅವರು ತಲೆ ತಗ್ಗಿಸಿ, "ಮುನ್ನೂರು ರೂಪಾಯಿ ನಾನೂ ತೆಗೆದುಕೊಂಡಿದ್ದೇನಲ್ಲ ಸಾರ್" ಎಂದರು. ವಿಷಯದ ತಿರುಳು ಇರುವುದು ಈ ಒಂದು ಮಾತಿನಲ್ಲಿ.

ದರವನ್ನು ಗೊತ್ತುಮಾಡುವವರು ಯಾರು?

ಮೊದಲು ಒಂದು ತಪ್ಪುಕಲ್ಪನೆಯನ್ನು ಕಳೆದುಕೊಳ್ಳೋಣ. ವಿಮಾ ವ್ಯವಹಾರ ನಮ್ಮ ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದ್ದು. ವಿಮಾ ಕಂಪೆನಿಯ ಮೇಲೆ ದಂಡ ಹಾಕುವ, ಅದರ ನೋಂದಣಿ ಕಸಿಯುವ ಅಧಿಕಾರ ನಮ್ಮ ತಹಶೀಲ್ದಾರರಿಗಾಗಲಿ ವಿಧಾನಸೌಧಕ್ಕಾಗಲಿ ಇಲ್ಲ. 1938ರ ವಿಮಾ ಕಾಯಿದೆ ಮತ್ತು 1999ರ ಕಾಯಿದೆಯಂತೆ ಸ್ಥಾಪಿತವಾದ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಆ ಅಧಿಕಾರವಿದೆ. ಪ್ರಾಧಿಕಾರದ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ.

ಹಿಂದೆ ದರ ಎಂಬುದು ಕಲ್ಲಿನಲ್ಲಿ ಕೊರೆದಂತೆ ಇತ್ತು. 1968ರ ತಿದ್ದುಪಡಿಯಿಂದ ದರ ಸಲಹಾ ಸಮಿತಿ ಎಂಬ ಶಾಸನಬದ್ಧ ಸಮಿತಿ ಬಂತು. ಬೆಂಕಿ ವಿಮೆ, ವಾಹನ ವಿಮೆ ಮೊದಲಾದವುಗಳಿಗೆ ಆ ಸಮಿತಿ ಗೊತ್ತುಮಾಡಿದ ದರವನ್ನೇ ಎಲ್ಲ ಕಂಪೆನಿಗಳೂ ವಿಧಿಸಬೇಕಾಗಿತ್ತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನಾಲ್ಕು ಸರ್ಕಾರಿ ಕಂಪೆನಿಗಳು ಉಳಿದ ಮೇಲೂ ಈ ಪದ್ಧತಿ ಮುಂದುವರಿಯಿತು. ಆ ಕಾಲದ ಒಂದು ನಿಯಮವನ್ನು ಸದಸ್ಯರು ಗಮನಿಸಬೇಕು. ಯಾವುದಾದರೂ ಕಂಪೆನಿ ಗೊತ್ತಾದ ದರಕ್ಕಿಂತ ಕಡಿಮೆಗೆ ಪಾಲಿಸಿ ಕೊಟ್ಟು ಸಿಕ್ಕಿಬಿದ್ದರೆ, ಮೊಕದ್ದಮೆಯ ಬದಲು ರಾಜಿಗೆ ಅವಕಾಶವಿತ್ತು. ದಂಡ ಒಂದು ಸಾವಿರ ರೂಪಾಯಿ ಮೀರುವಂತಿರಲಿಲ್ಲ. ಆದರೆ ಅದಕ್ಕೆ ಷರತ್ತೊಂದಿತ್ತು: ಕಡಿಮೆ ಬಿದ್ದ ಪ್ರೀಮಿಯಮ್ಮನ್ನು ಪಾಲಿಸಿದಾರನಿಂದ ವಸೂಲು ಮಾಡಬೇಕು, ಅದು ಆಗದಿದ್ದರೆ ಪಾಲಿಸಿಯನ್ನು ಬದಲಿಸಬೇಕು ಅಥವಾ ರದ್ದು ಮಾಡಬೇಕು. ಅಂದರೆ ದರ ಮುರಿದವನು ಕಂಪೆನಿಯಾದರೂ ಅದರ ಭಾರ ಕೊನೆಗೆ ಪಾಲಿಸಿದಾರನ ತಲೆಯ ಮೇಲೆ ಬೀಳುತ್ತಿತ್ತು.

2007ರ ಜನವರಿ 1ರಿಂದ ಬೆಂಕಿ, ಎಂಜಿನಿಯರಿಂಗ್ ಮತ್ತು ವಾಹನದ ಸ್ವಂತ ಹಾನಿ ವಿಮೆಗಳಲ್ಲಿ ಈ ಕಟ್ಟು ಸಡಿಲವಾಯಿತು. ಒಂದೊಂದು ಕಂಪೆನಿಯೂ ತನ್ನ ದರವನ್ನು ತಾನೇ ಲೆಕ್ಕ ಹಾಕಬಹುದು. ಇಲ್ಲಿಂದ ಹುಟ್ಟಿದ ಮಾತೇ "ಈಗ ರೇಟೆಲ್ಲ ಫ್ರೀ ಸಾರ್, ನಾವು ಹೇಳಿದ್ದೇ ರೇಟು" ಎಂಬುದು. ಇದು ಅರ್ಧ ಸತ್ಯ. ದರ ಇಳಿಸುವ ಸ್ವಾತಂತ್ರ್ಯ ಬಂದದ್ದು ಕಂಪೆನಿಗೆ; ಅದೂ ತನ್ನ ಪ್ರಕಟಿತ ಕೋಷ್ಟಕ ಮತ್ತು ಪ್ರಾಧಿಕಾರದ ನಿಯಮಗಳಿಗೆ ಒಳಪಟ್ಟು. ಚೀಲ ಹಿಡಿದು ಮನೆಗೆ ಬರುವ ಏಜೆಂಟಿಗೆ ಆ ಸ್ವಾತಂತ್ರ್ಯ ಎಂದೂ ಬಂದಿಲ್ಲ.

ಇಂದಿಗೂ ಸರ್ಕಾರವೇ ದರ ಗೊತ್ತುಮಾಡುವ ವಿಮೆಯೂ ಇದೆ. ನಮ್ಮ ಜೀಪು, ಪಿಕಪ್, ಬೈಕುಗಳಿಗೆ ಕಡ್ಡಾಯವಾದ ಮೂರನೆಯ ವ್ಯಕ್ತಿಯ ಹಾನಿಯ ವಿಮೆ, ಅಂದರೆ ಎಲ್ಲರೂ ಥರ್ಡ್ ಪಾರ್ಟಿ ಎನ್ನುವುದು, ಈ ವರ್ಗಕ್ಕೆ ಸೇರಿದ್ದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಜೂನ್ 1ರಿಂದ ಜಾರಿಗೆ ತಂದ ಪಟ್ಟಿಯಲ್ಲಿ 75ರಿಂದ 150 ಸಿ.ಸಿ.ವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000ದಿಂದ 1500 ಸಿ.ಸಿ.ವರೆಗಿನ ಸ್ವಂತ ಕಾರಿಗೆ 3,416 ರೂಪಾಯಿ ಎಂದು ಇತ್ತು. ಇಂಥ ದರ ಎಲ್ಲ ಕಂಪೆನಿಯಲ್ಲೂ ಒಂದೇ. "ನಮ್ಮಲ್ಲಿ ಥರ್ಡ್ ಪಾರ್ಟಿ ಕಡಿಮೆಗೆ ಮಾಡಿಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಅವರು ವಾಹನದ ವರ್ಗವನ್ನೇ ಬದಲಿಸಿ ಬರೆಯುತ್ತಿದ್ದಾರೋ, ಪಾಲಿಸಿಯೇ ನಕಲಿಯೋ ಎಂದು ಶಂಕಿಸತಕ್ಕದ್ದು.

ಕಾನೂನಿನ ಮಾತು

1938ರ ಕಾಯಿದೆಯ 41ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದರ ಸಾರಾಂಶ ಹೀಗೆ. ಪಾಲಿಸಿ ಮಾಡಿಸುವಂತೆ, ನವೀಕರಿಸುವಂತೆ ಅಥವಾ ಮುಂದುವರಿಸುವಂತೆ ಪ್ರೇರೇಪಿಸಲು ಯಾರೂ ಕಮಿಷನ್ನಿನ ಪಾಲನ್ನಾಗಲಿ, ಪಾಲಿಸಿಯಲ್ಲಿ ನಮೂದಾದ ಪ್ರೀಮಿಯಮ್ಮಿನಲ್ಲಿ ರಿಯಾಯಿತಿಯನ್ನಾಗಲಿ, ನೇರವಾಗಿ ಅಥವಾ ಬಳಸುದಾರಿಯಿಂದ, ಕೊಡತಕ್ಕದ್ದಲ್ಲ, ಕೊಡುತ್ತೇನೆಂದು ಹೇಳತಕ್ಕದ್ದೂ ಅಲ್ಲ. ಪಾಲಿಸಿ ಮಾಡಿಸುವವನು ಅಂಥ ರಿಯಾಯಿತಿಯನ್ನು ಸ್ವೀಕರಿಸತಕ್ಕದ್ದಲ್ಲ. ಕಂಪೆನಿಯ ಪ್ರಕಟಿತ ವಿವರಣಾ ಪತ್ರ ಅಥವಾ ದರದ ಕೋಷ್ಟಕದಂತೆ ಸಿಗುವ ರಿಯಾಯಿತಿಗೆ ಮಾತ್ರ ಇದರಿಂದ ವಿನಾಯಿತಿ.

ಕೊಡುವವನಷ್ಟೇ ಅಲ್ಲ, ತೆಗೆದುಕೊಳ್ಳುವವನೂ ತಪ್ಪಿತಸ್ಥ ಎಂಬುದನ್ನು ದಯವಿಟ್ಟು ಗಮನಿಸಿ. ವಿಮೆಯ ಪ್ರಸ್ತಾವನೆ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಈ ಕಲಮು ಅಚ್ಚಾಗಿರುತ್ತದೆ. ನಾವು ಅದರ ಹತ್ತಿರದಲ್ಲೇ ಸಹಿ ಹಾಕುತ್ತೇವೆ, ಓದುವುದಿಲ್ಲ.

ಇದನ್ನು ಮುರಿದರೆ ಮೊದಲು 500 ರೂಪಾಯಿಯವರೆಗೆ ಜುಲ್ಮಾನೆ ಇತ್ತು. 2015ರ ತಿದ್ದುಪಡಿ ಆ ಮಿತಿಯನ್ನು ಒಮ್ಮೆಗೇ ಹತ್ತು ಲಕ್ಷ ರೂಪಾಯಿಗೆ ಏರಿಸಿತು. ಸಣ್ಣ ಹಿಡುವಳಿದಾರನ ಮೇಲೆ ಯಾರಾದರೂ ಹತ್ತು ಲಕ್ಷ ದಂಡ ಹಾಕುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಹೆದರಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆದರೆ ಹಾಗೊಂದು ಕಲಮು ಇದೆ ಎಂಬುದು ಏಜೆಂಟಿಗೆ ಗೊತ್ತಿದೆ, ಕಂಪೆನಿಗೆ ಗೊತ್ತಿದೆ. ನಮಗೆ ಮಾತ್ರ ಬೆಂಕಿ ಬಿದ್ದ ಮೇಲೆ ಗೊತ್ತಾಗುತ್ತದೆ.

ಏಜೆಂಟಿಗೆ, ಬ್ರೋಕರಿಗೆ, ಕಂಪೆನಿಗೆ ಆಗುವ ಶಿಕ್ಷೆ

ಏಜೆಂಟ್: ಮೊದಲು ಏಜೆಂಟಿಗೆ ಪ್ರಾಧಿಕಾರದ ಲೈಸೆನ್ಸ್ ಬೇಕಾಗಿತ್ತು. 2015ರ ತಿದ್ದುಪಡಿಯ ನಂತರ ಕಂಪೆನಿಯೇ ಅವನನ್ನು ಪರೀಕ್ಷೆಯ ಆಧಾರದ ಮೇಲೆ ನೇಮಿಸುವ ಪದ್ಧತಿ ಬಂತು. ಲೈಸೆನ್ಸಿನ ಬದಲು ನೇಮಕಪತ್ರ. ರಿಬೇಟ್ ಕೊಡುವುದು, ಪ್ರಸ್ತಾವನೆ ಅರ್ಜಿಯಲ್ಲಿ ಮುಖ್ಯ ಸಂಗತಿಯನ್ನು ಬಿಡಿಸುವುದು, ಸುಳ್ಳು ಬರೆಸುವುದು ಅವನ ನಡತೆ ಸಂಹಿತೆಗೆ ವಿರುದ್ಧ. ಹಾಗೆ ಮಾಡಿದವನ ನೇಮಕವನ್ನು ಕಂಪೆನಿ ಅಮಾನತಿನಲ್ಲಿಡಬಹುದು, ವಿಚಾರಣೆ ಮಾಡಿ ರದ್ದುಪಡಿಸಬಹುದು. ಕಪ್ಪುಪಟ್ಟಿಗೆ ಸೇರಿದ ಏಜೆಂಟರ ವಿವರ ಎಲ್ಲ ಕಂಪೆನಿಗಳಿಗೂ ಸಿಗುವಂತೆ ಒಂದೇ ಕಡೆ ಇರುವುದರಿಂದ, ಈ ಕಂಪೆನಿ ಬಿಟ್ಟು ಆ ಕಂಪೆನಿ ಸೇರುವುದು ಮೊದಲಿನಷ್ಟು ಸುಲಭವಲ್ಲ. ತಾಲ್ಲೂಕಿನ ಏಜೆಂಟಿಗೆ ಜುಲ್ಮಾನೆಗಿಂತ ಇದು ದೊಡ್ಡ ಪೆಟ್ಟು. ಜುಲ್ಮಾನೆ ಒಂದು ಸಲ ಕಟ್ಟುವಂಥದು. ನೇಮಕ ಹೋದರೆ ಅನ್ನದ ದಾರಿಯೇ ಹೋಯಿತು.

ಬ್ರೋಕರ್: ಇವರಿಗೆ ಪ್ರಾಧಿಕಾರವೇ ನೋಂದಣಿ ಪತ್ರ ಕೊಡುತ್ತದೆ. ನಿಯಮ ಮುರಿದರೆ ಅದನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವೂ ಅದಕ್ಕೇ ಇದೆ.

ಕಂಪೆನಿ: ಕಾಯಿದೆಗೆ ಅಥವಾ ಪ್ರಾಧಿಕಾರದ ನಿರ್ದೇಶನಕ್ಕೆ ತಪ್ಪಿ ನಡೆದರೆ, 2015ರ ತಿದ್ದುಪಡಿಯಲ್ಲಿ ದಿನಕ್ಕೆ ಒಂದು ಲಕ್ಷದಂತೆ ಒಂದು ಕೋಟಿ ರೂಪಾಯಿ ಮೀರದಷ್ಟು ದಂಡವನ್ನು ಗೊತ್ತುಮಾಡಲಾಗಿತ್ತು. ದಂಡದ ಮಿತಿಗಳನ್ನು ಇನ್ನೂ ಏರಿಸುವ ತಿದ್ದುಪಡಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಇದಕ್ಕೂ ಮೇಲಿನ ಶಿಕ್ಷೆಯೆಂದರೆ ಕಂಪೆನಿಯ ನೋಂದಣಿಯನ್ನೇ ಅಮಾನತು ಅಥವಾ ರದ್ದು ಮಾಡುವುದು. ಆದರೆ ನೋಂದಣಿ ರದ್ದಾದರೆ ಸಾವಿರಾರು ಪಾಲಿಸಿದಾರರು ನಡುನೀರಿನಲ್ಲಿ ಉಳಿಯುತ್ತಾರಾದ್ದರಿಂದ ಅದು ಕೊನೆಯ ಅಸ್ತ್ರ.

ಇಲ್ಲೊಂದು ಮಾತು ನೆನಪಿರಲಿ. ದಂಡದ ಹಣ ನಷ್ಟ ಅನುಭವಿಸಿದವನ ಕೈಗೆ ಬರುವುದಲ್ಲ. ಕಂಪೆನಿಗೆ ಕೋಟಿ ದಂಡ ಬಿದ್ದರೂ ನಮ್ಮ ಸದಸ್ಯರ ಹನ್ನೊಂದು ಕ್ವಿಂಟಲ್ ಅಡಿಕೆ ಅದರಿಂದ ಮರಳುವುದಿಲ್ಲ. ಪರಿಹಾರದ ದಾರಿ ಬೇರೆ; ಅದನ್ನು ಮುಂದೆ ಹೇಳುತ್ತೇನೆ.

ಹೊರದೇಶದ ಒಂದು ಪ್ರಕರಣ

ನನ್ನ ತಂಗಿಯ ಮಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ನಮ್ಮ ಸದಸ್ಯರ ಮಕ್ಕಳೂ ಹಲವರು ಅಲ್ಲಿದ್ದಾರೆ. ಈ ಸಂಗತಿಯನ್ನು ಅವನಿಗೆ ಫೋನಿನಲ್ಲಿ ಹೇಳಿದಾಗ, "ಮಾವ, ಇಲ್ಲಿ ದರದ ಮೇಲೆ ಐವತ್ತು ಡಾಲರ್ ಹೆಚ್ಚು ತೆಗೆದುಕೊಂಡದ್ದಕ್ಕೇ ದೊಡ್ಡ ರಾದ್ಧಾಂತ ಆಗಿತ್ತು" ಎಂದ. ಆಮೇಲೆ ಅದರ ವಿವರ ಓದಿದೆ. ದರದ ನಿಯಮಕ್ಕೆ ಹಲ್ಲು ಇದ್ದರೆ ಹೇಗಿರುತ್ತದೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಅಮೆರಿಕದಲ್ಲಿ ವಿಮೆ ನಮ್ಮಂತೆ ಕೇಂದ್ರದ ವಿಷಯವಲ್ಲ. 1945ರ ಒಂದು ಕಾಯಿದೆಯಂತೆ ಅದರ ನಿಯಂತ್ರಣವನ್ನು ಆಯಾ ರಾಜ್ಯಗಳಿಗೇ ಬಿಡಲಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ವಾಹನ ವಿಮೆಯ ದರ ಜನರಿಗೆ ತಡೆಯಲಾಗದಷ್ಟು ಏರಿದಾಗ, 1988ರ ನವೆಂಬರಿನಲ್ಲಿ ಮತದಾರರೇ ನೇರ ಮತದಾನದಿಂದ 103ನೆಯ ಪ್ರಸ್ತಾವ ಎಂಬ ಕಾನೂನನ್ನು ತಂದರು. ಅದರಂತೆ ಮನೆ, ವಾಹನ ಮುಂತಾದ ವಿಮೆಗಳ ದರವನ್ನು ರಾಜ್ಯದ ವಿಮಾ ಕಮಿಷನರರು ಮೊದಲೇ ಮಂಜೂರು ಮಾಡಬೇಕು. ಆ ಕಮಿಷನರರನ್ನೂ ಮತದಾರರೇ ಆರಿಸುತ್ತಾರೆ. ಮಂಜೂರಾಗದ ದರ ವಿಧಿಸಿದರೆ ಪ್ರತಿಯೊಂದು ಕೃತ್ಯಕ್ಕೆ 5,000 ಡಾಲರುವರೆಗೆ, ಬೇಕೆಂದೇ ಮಾಡಿದ್ದರೆ 10,000 ಡಾಲರುವರೆಗೆ ದಂಡ. ಕಂಪೆನಿಯ ಪರವಾನಗಿಯನ್ನು ಅಮಾನತು ಅಥವಾ ರದ್ದು ಮಾಡುವ ಅವಕಾಶವೂ ಉಂಟು.

ಮರ್ಕ್ಯುರಿ ಎಂಬ ವಿಮಾ ಕಂಪೆನಿಯ ಏಜೆಂಟರು ತಮ್ಮನ್ನು ಬ್ರೋಕರರೆಂದು ಕರೆದುಕೊಂಡು ಪ್ರೀಮಿಯಮ್ಮಿನ ಮೇಲೆ 50ರಿಂದ 150 ಡಾಲರು "ಬ್ರೋಕರ್ ಶುಲ್ಕ" ಎಂದು ಪ್ರತ್ಯೇಕವಾಗಿ ವಸೂಲು ಮಾಡುತ್ತಿದ್ದರು. ಅದು ಏಜೆಂಟರ ಶುಲ್ಕ, ನಮ್ಮ ದರವಲ್ಲ ಎಂಬುದು ಕಂಪೆನಿಯ ವಾದ. ಕಮಿಷನರರು ಒಪ್ಪಲಿಲ್ಲ. ಅವರು ಕಂಪೆನಿಯ ಏಜೆಂಟರೇ ಆಗಿರುವುದರಿಂದ ಆ ಶುಲ್ಕವೂ ಪ್ರೀಮಿಯಮ್ಮೇ, ಮಂಜೂರಾದ ದರಕ್ಕಿಂತ ಹೆಚ್ಚಿನದು ಎಂದು ತೀರ್ಮಾನಿಸಿದರು. 1,83,957 ವ್ಯವಹಾರಗಳು ಲೆಕ್ಕಕ್ಕೆ ಸಿಕ್ಕವು. ಒಂದಕ್ಕೆ 150 ಡಾಲರಿನಂತೆ 2015ರ ಜನವರಿಯಲ್ಲಿ 2,75,93,550 ಡಾಲರು ದಂಡ ಬಿತ್ತು. ಕೆಳಗಿನ ನ್ಯಾಯಾಲಯ ಅದನ್ನು ರದ್ದುಮಾಡಿತಾದರೂ 2019ರಲ್ಲಿ ಮೇಲ್ಮನವಿ ನ್ಯಾಯಾಲಯ ದಂಡವನ್ನು ಎತ್ತಿಹಿಡಿಯಿತು.

ಒಂದೊಂದಕ್ಕೆ ವಿಧಿಸಿದ ದಂಡ ದೊಡ್ಡದಲ್ಲ. ಆದರೆ ಒಂದೊಂದು ರಸೀದಿಯನ್ನೂ ಒಂದೊಂದು ತಪ್ಪೆಂದು ಎಣಿಸಿದಾಗ ಮೊತ್ತ ಬೆಳೆಯಿತು. ಆ ಎಣಿಕೆ ಸಾಧ್ಯವಾದದ್ದು ಕಾಗದವಿದ್ದುದರಿಂದ. ಹಣ ಕೊಟ್ಟವರು ಹೆಚ್ಚು ಕೊಟ್ಟವರಾದ್ದರಿಂದ ಅವರಿಗೆ ಬಾಯಿ ಕಟ್ಟಿರಲಿಲ್ಲ.

"ಅವನ ಕಮಿಷನ್ ಅವನದು" ಎಂಬ ವಾದ

ಮಹಾಸಭೆಯ ದಿನದ ಪ್ರಶ್ನೆಗೆ ಈಗ ಬರುತ್ತೇನೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಮೇಲೆ ಹೇಳಿದ ಕ್ಯಾಲಿಫೋರ್ನಿಯಾದಲ್ಲೇ 1988ರ ಆ ಕಾನೂನು ರಿಬೇಟಿನ ಮೇಲಿದ್ದ ನಿಷೇಧವನ್ನು ತೆಗೆದುಹಾಕಿತು. ಫ್ಲೋರಿಡಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ 1986ರಲ್ಲಿ ಅಂಥ ನಿಷೇಧ ಸಲ್ಲದೆಂದಿತು. ಹಾಗಾದರೆ ನಮ್ಮಲ್ಲೇಕೆ ತಪ್ಪು?

ನನಗೆ ತೋರುವ ಕಾರಣಗಳು ಎರಡು. ಮೊದಲನೆಯದು, ರಿಬೇಟ್ ಸಿಗುವುದು ಚೌಕಾಸಿ ಮಾಡಬಲ್ಲವನಿಗೆ. ನೂರು ಎಕರೆ ಎಸ್ಟೇಟಿನ ಮಾಲೀಕನಿಗೆ ಹೆಚ್ಚು, ಮೂರು ಎಕರೆಯವನಿಗೆ ಕಡಿಮೆ, ವಿಧವೆಯೊಬ್ಬಳು ತೋಟ ನೋಡಿಕೊಳ್ಳುತ್ತಿದ್ದರೆ ಆಕೆಗೆ ಏನೂ ಇಲ್ಲ. ಒಂದೇ ಅಪಾಯಕ್ಕೆ ಒಂದೇ ದರ ಎಂಬ ನ್ಯಾಯ ಅಲ್ಲಿಗೆ ಮುಗಿಯಿತು. ಎರಡನೆಯದು, ಬಿಟ್ಟುಕೊಟ್ಟದ್ದನ್ನು ಏಜೆಂಟ್ ಎಲ್ಲಿಂದಲೋ ತುಂಬಿಕೊಳ್ಳಬೇಕು. ಬೇಗ ಬೇಗ, ಹೆಚ್ಚು ಹೆಚ್ಚು ಪಾಲಿಸಿ ಬರೆಯಬೇಕು. ಬರೆಯುವಾಗ ಡ್ರೈಯರ್ ಇದೆಯೇ, ಸೌದೆ ಎಲ್ಲಿ ಪೇರಿಸಿದ್ದೀರಿ, ಗೋಣಿಚೀಲ ಎಷ್ಟಿದೆ ಎಂದು ಕೇಳುತ್ತಾ ಕೂತರೆ ದರ ಏರುತ್ತದೆ, ಗಿರಾಕಿ ತಪ್ಪುತ್ತಾನೆ. ಕೇಳದೆ ಬಿಡುವುದೇ ಅವನಿಗೆ ಲಾಭ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ನನ್ನ ಜೀಪಿನ ಪಾಲಿಸಿ ನವೀಕರಿಸುವಾಗ ಏಜೆಂಟ್ 500 ರೂಪಾಯಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟ. ಪದವಿ ಓದಿದವನಾದ ನಾನು ಅದನ್ನು ಜೇಬಿಗಿಳಿಸಿದೆ. ಒಂದು ತಿಂಗಳ ನಂತರ ಬೇರೇನೋ ಕಾಗದ ಹುಡುಕುವಾಗ ಪಾಲಿಸಿ ಓದಿದರೆ, ಕ್ಲೇಮು ಮಾಡದವರಿಗೆ ಸಿಗುವ ಬೋನಸ್ ರಿಯಾಯಿತಿ ಅದರಲ್ಲಿ ಹಾಕಿತ್ತು. ಹಿಂದಿನ ವರ್ಷವೇ ನಾನು ಕ್ಲೇಮು ಪಡೆದಿದ್ದೆ! ಅಂದರೆ ನನ್ನ ಹೆಸರಿನಲ್ಲಿ ಸುಳ್ಳು ಘೋಷಣೆ ಹೋಗಿತ್ತು. ಶಾಖೆಗೆ ಹೋಗಿ ಅರ್ಜಿ ಕೊಟ್ಟು, ವ್ಯತ್ಯಾಸದ ಹಣ ಕಟ್ಟಿ, ತಿದ್ದುಪಡಿ ಪತ್ರ ಪಡೆದೆ. ಅಷ್ಟರೊಳಗೆ ಜೀಪು ಹಳ್ಳಕ್ಕೆ ಬಿದ್ದಿದ್ದರೆ ನನ್ನ ಗತಿಯೂ ನಮ್ಮ ಸದಸ್ಯರ ಗತಿಯೇ.

ಆದುದರಿಂದ ನನ್ನ ಉತ್ತರವಿಷ್ಟೆ. ರಿಬೇಟಿನಿಂದ ಸರ್ಕಾರಕ್ಕೆ ನೋವಾಗುತ್ತದೋ ಇಲ್ಲವೋ, ನಮಗಂತೂ ನೋವಾಗುತ್ತದೆ. ಆ ಸಣ್ಣ ಹಣ ನಮ್ಮ ದೂರಿನ ಬೆಲೆ. ಅದನ್ನು ಮುಂಗಡವಾಗಿ ತೆಗೆದುಕೊಂಡವನು ನಾಳೆ ಏಜೆಂಟಿನ ತಪ್ಪನ್ನು ಧೈರ್ಯವಾಗಿ ಬರೆಯಲಾರ.

ಬೆಳೆ ವಿಮೆಯ ಮಾತು

ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವ ಸದಸ್ಯರು ನಮ್ಮಲ್ಲಿ ಬಹಳ. ಇಲ್ಲಿ ರಿಬೇಟಿನ ಪ್ರಶ್ನೆಯಿಲ್ಲ. ಹೆಚ್ಚು ಕೊಡುವ ಅಪಾಯವಿದೆ. ಈ ಯೋಜನೆಯಲ್ಲಿ ಕಂಪೆನಿಯ ಪೂರ್ಣ ದರ ಟೆಂಡರಿನಿಂದ ನಿಗದಿಯಾಗುತ್ತದೆ. ಆದರೆ ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಲ್ಲಿ ರೈತನ ಪಾಲು ವಿಮಾ ಮೊತ್ತದ ಶೇಕಡಾ 5ನ್ನು ಮೀರುವಂತಿಲ್ಲ. ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ಭರಿಸುತ್ತವೆ. ಇತ್ತೀಚಿನ ಹಲವು ವರ್ಷಗಳ ಅಧಿಸೂಚನೆಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತನ ಪಾಲು 6,400 ರೂಪಾಯಿ ಎಂದಿತ್ತು. ಪ್ರತಿ ವರ್ಷದ ಅಧಿಸೂಚನೆ ಬಂದ ಕೂಡಲೇ ಅದನ್ನು ಸಂಘದ ಫಲಕದಲ್ಲಿ ಹಾಕುತ್ತೇವೆ.

ಸೇವಾ ಕೇಂದ್ರದಲ್ಲಿ ಅರ್ಜಿ ತುಂಬಿಸಿದ್ದಕ್ಕೆ ಕೇಂದ್ರದವರಿಗೆ ಸಲ್ಲಬೇಕಾದ ಶುಲ್ಕವನ್ನು ವಿಮಾ ಕಂಪೆನಿಯೇ ಕೊಡುತ್ತದೆ. ರೈತನಿಂದ ಬೇರೆ ವಸೂಲು ಮಾಡತಕ್ಕದ್ದಲ್ಲ. ಹೊರದೇಶದ ಆ ಬ್ರೋಕರ್ ಶುಲ್ಕ ನೆನಪಿದೆಯಷ್ಟೆ? ನಮ್ಮಲ್ಲಿ ಐವತ್ತು, ನೂರು ರೂಪಾಯಿ ಕೇಳಿದರೆ ಅದೂ ಅದೇ ಜಾತಿಯದು. ರಸೀದಿ ಕೇಳಿ. ರಸೀದಿ ಕೇಳಿದ ಕೂಡಲೇ ಬಹಳ ಮಂದಿ ಹಣ ಬೇಡವೆನ್ನುತ್ತಾರೆ.

ಸದಸ್ಯರು ಮಾಡಬೇಕಾದದ್ದು

1. ರಿಯಾಯಿತಿ ಎಂದರೆ ಕಾಗದದಲ್ಲಿ ತೋರಿಸಲು ಹೇಳಿ. ಪಾಲಿಸಿಯಲ್ಲಿ ಅಚ್ಚಾದ ರಿಯಾಯಿತಿ ಕಂಪೆನಿ ಕೊಟ್ಟದ್ದು, ಅದು ನಿಮ್ಮ ಹಕ್ಕು. ಲಕೋಟೆಯಲ್ಲಿ ಬರುವುದು ರಿಬೇಟ್.

2. ಪ್ರೀಮಿಯಮ್ಮನ್ನು ಕಂಪೆನಿಯ ಹೆಸರಿಗೆ ಚೆಕ್ಕಿನಲ್ಲಿ ಅಥವಾ ಬ್ಯಾಂಕ್ ಮೂಲಕ ಕಟ್ಟಿ. ಕಾಯಿದೆಯ 64ವಿಬಿ ಕಲಮಿನಂತೆ ಪ್ರೀಮಿಯಮ್ ಮುಂಗಡವಾಗಿ ಸೇರದೆ ಕಂಪೆನಿ ಹೊಣೆ ಹೊರುವಂತಿಲ್ಲ. ಏಜೆಂಟ್ ನಗದು ಪಡೆದಿದ್ದರೆ, ರಜಾದಿನ ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಅದನ್ನು ಕಂಪೆನಿಗೆ ಕಟ್ಟಬೇಕು ಅಥವಾ ಅಂಚೆಯಲ್ಲಿ ಕಳಿಸಬೇಕು.

3. ಪಾಲಿಸಿ ರದ್ದಾಗಿ ಅಥವಾ ಬದಲಾಗಿ ನಿಮಗೆ ಹಣ ಮರಳಬೇಕಾದರೆ ಅದನ್ನು ಕಂಪೆನಿ ನೇರವಾಗಿ ನಿಮಗೇ ಕೊಡಬೇಕು. ಏಜೆಂಟಿನ ಖಾತೆಗೆ ಜಮಾ ಮಾಡುವಂತಿಲ್ಲವೆಂದು ಅದೇ ಕಲಮು ಹೇಳುತ್ತದೆ. ಆದುದರಿಂದ "ಕಂಪೆನಿ ವಾಪಸು ಕೊಟ್ಟಿದೆ" ಎಂದು ಏಜೆಂಟ್ ನಗದು ಎಣಿಸಿದರೆ ನಂಬಬೇಡಿ.

4. ಖಾಲಿ ಪ್ರಸ್ತಾವನೆ ಅರ್ಜಿಗೆ ಸಹಿ ಹಾಕಬೇಡಿ. ಡ್ರೈಯರ್, ಬೇಯಿಸುವ ಒಲೆ, ಸೌದೆ, ಡೀಸೆಲ್ ಪೀಪಾಯಿ, ದಾಸ್ತಾನು ಎಲ್ಲವನ್ನೂ ಬರೆಸಿ. ದರ ನಾಲ್ಕು ನೂರು ಹೆಚ್ಚಾಗಬಹುದು, ಆಗಲಿ.

5. ತಪ್ಪು ಈಗಾಗಲೇ ಆಗಿದ್ದರೆ ಸುಮ್ಮನಿರಬೇಡಿ. ನಷ್ಟವಾಗುವ ಮೊದಲೇ ಶಾಖೆಗೆ ಬರೆದುಕೊಟ್ಟು, ವ್ಯತ್ಯಾಸ ಕಟ್ಟಿ, ತಿದ್ದುಪಡಿ ಪಡೆಯಬಹುದು. ನಾನು ಮಾಡಿದ್ದೂ ಅದನ್ನೇ.

6. ದೂರು ಇದ್ದರೆ ಮೊದಲು ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಕೊಡಿ. ಪ್ರಾಧಿಕಾರದ "ಬಿಮಾ ಭರೋಸಾ" ವ್ಯವಸ್ಥೆಯಲ್ಲೂ ದೂರು ದಾಖಲಿಸಬಹುದು. ಅದರ ಉಚಿತ ದೂರವಾಣಿ 155255. ಏಜೆಂಟಿನ ಅಥವಾ ಕಂಪೆನಿಯ ಮೇಲಿನ ಶಿಸ್ತಿನ ಕ್ರಮಕ್ಕೆ ಇದು ದಾರಿ.

7. ಕ್ಲೇಮಿನ ಹಣದ ವ್ಯಾಜ್ಯವಾದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಕಂಪೆನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 2023ರ ತಿದ್ದುಪಡಿಯ ನಂತರ 50 ಲಕ್ಷ ರೂಪಾಯಿವರೆಗಿನ ಪರಿಹಾರದ ಆದೇಶ ಮಾಡುವ ಅಧಿಕಾರ ಅವರಿಗಿದೆ. ಆದರೆ ದಂಡ ಹಾಕುವುದು, ನೇಮಕ ಕಸಿಯುವುದು ಅವರ ಕೆಲಸವಲ್ಲ. ಎರಡು ಕೆಲಸಕ್ಕೆ ಎರಡು ಬಾಗಿಲು.

ನಮ್ಮ ಆ ಸದಸ್ಯರು ಕೊನೆಗೆ ಮನಸ್ಸು ಗಟ್ಟಿ ಮಾಡಿ, ಮುನ್ನೂರು ರೂಪಾಯಿ ಪಡೆದದ್ದನ್ನೂ ಮುಚ್ಚಿಡದೆ ಕಂಪೆನಿಗೆ ದೂರು ಬರೆದಿದ್ದಾರೆ. ಅದರ ಫಲ ಇನ್ನೂ ಬಂದಿಲ್ಲ. ಅಡಿಕೆಯ ಹಣ ಬರುತ್ತದೆಂಬ ಭರವಸೆ ನನಗೆ ಹೆಚ್ಚಿಲ್ಲ, ಅವರಿಗೂ ಇಲ್ಲ. "ಇನ್ನೊಬ್ಬರ ಮನೆಗೆ ಅವನು ಹೀಗೆ ಹೋಗದಿದ್ದರೆ ಸಾಕು" ಎಂದರು. ಈ ವಿಷಯವನ್ನು ಹೆಸರಿಲ್ಲದೆ ಪತ್ರಿಕೆಯಲ್ಲಿ ಬರೆಯಲು ಒಪ್ಪಿಗೆ ಕೊಟ್ಟವರೂ ಅವರೇ.

ಮುಂದಿನ ತಿಂಗಳ ಎರಡು ಸಂತೆಯ ದಿನಗಳಲ್ಲಿ ಬೆಳಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ನಾನು ಸಂಘದ ಕಚೇರಿಯಲ್ಲಿರುತ್ತೇನೆ. ಸದಸ್ಯರು ತಮ್ಮ ಮನೆಯ, ಗೋದಾಮಿನ, ವಾಹನದ ಪಾಲಿಸಿಗಳನ್ನು ತಂದರೆ ಒಟ್ಟಿಗೆ ಕೂತು ಓದೋಣ. ಕನ್ನಡಕ ಮರೆಯದೆ ತನ್ನಿ. ಅಕ್ಷರ ಬಹಳ ಸಣ್ಣದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ